ತಮ್ಮನ ರಿಪೋರ್ಟಿನಲ್ಲಿ ಎಬಿಸಿಎ4 ಅಂತ ಬಂದಿದೆ. ಒಂದು ಸಾಗಣೆ ಪ್ರೋಟೀನ್ ಕೆಟ್ಟರೆ ಕಣ್ಣು ಯಾಕೆ ಹಾಳಾಗುತ್ತದೆ?

ಅಕ್ಕ_ನಾನು
ಎಲ್ಲರಿಗೂ ನಮಸ್ಕಾರ. ನನ್ನ ತಮ್ಮನಿಗೆ 16 ವರ್ಷ. ಓದುವಾಗ ನಡುವಿನ ಅಕ್ಷರ ಕಾಣುವುದಿಲ್ಲ ಅಂತ ಒಂದೂವರೆ ವರ್ಷದಿಂದ ಹೇಳುತ್ತಿದ್ದ. ಮೂರು ಸಲ ಕನ್ನಡಕ ಬದಲಾಯಿಸಿದೆವು, ಏನೂ ಪ್ರಯೋಜನ ಆಗಲಿಲ್ಲ. ಒಂದು ಕಡೆಯಂತೂ 'ಓದೋಕೆ ಮನಸ್ಸಿಲ್ಲ, ನೆಪ ಹೇಳ್ತಿದ್ದಾನೆ' ಅಂದುಬಿಟ್ಟರು. ಆ ಮಾತನ್ನು ನಾವೂ ಸ್ವಲ್ಪ ದಿನ ನಂಬಿದೆವು, ಅದು ಈಗಲೂ ಚುಚ್ಚುತ್ತದೆ. ಹೋದ ತಿಂಗಳು ರೆಟಿನಾ ಡಾಕ್ಟರು ನೋಡಿ ಸ್ಟಾರ್ಗಾರ್ಡ್ ಕಾಯಿಲೆ ಎಂದರು. ಮೊನ್ನೆ ಜೀನ್ ಪರೀಕ್ಷೆಯ ರಿಪೋರ್ಟ್ ಬಂತು. 'ಎಬಿಸಿಎ4 ಜೀನ್‌ನಲ್ಲಿ ಎರಡು ವೇರಿಯಂಟ್' ಎಂದಿದೆ. ಇದು ಜೀವಕೋಶದೊಳಗೆ ಸಾಗಣೆ ಮಾಡುವ ಪ್ರೋಟೀನ್ ಅಂತ ಡಾಕ್ಟರು ಎರಡೇ ನಿಮಿಷದಲ್ಲಿ ಹೇಳಿ ಮುಗಿಸಿದರು.

ಮೈಯೆಲ್ಲ ಚೆನ್ನಾಗಿದ್ದು ಕಣ್ಣು ಮಾತ್ರ, ಅದರಲ್ಲೂ ನೋಟದ ನಡುಭಾಗ ಮಾತ್ರ, ಯಾಕೆ ಹೋಗುತ್ತದೆ? ಅಪ್ಪ ಅಮ್ಮ ಇಬ್ಬರಿಗೂ ಕಣ್ಣು ಚೆನ್ನಾಗಿದೆ. ಹಾಗಿದ್ದರೆ ಇದು ಎಲ್ಲಿಂದ ಬಂತು? ಇನ್ನೊಂದು ವಿಷಯ, ಕಣ್ಣಿಗೆ ಒಳ್ಳೆಯದು ಅಂತ ಅಮ್ಮ ದಿನಾ ಅವನಿಗೆ ವಿಟಮಿನ್ ಎ ಮಾತ್ರೆ ಕೊಡುತ್ತಿದ್ದಾರೆ. ಅದರಿಂದ ಸ್ವಲ್ಪವಾದರೂ ಉಪಯೋಗ ಆಗುತ್ತದಾ?

ದೃಷ್ಟಿಚಾರ್ಟ್
ಕೊನೆಯ ಪ್ರಶ್ನೆಗೆ ಮೊದಲು ಉತ್ತರ. ಆ ಮಾತ್ರೆ ನಾಳೆಯಿಂದ ಬೇಡ. ಇವತ್ತೇ ಡಾಕ್ಟರಿಗೆ ಫೋನ್ ಮಾಡಿ ಹೇಳಿ. ಉಳಿದದ್ದನ್ನು ನಿಧಾನವಾಗಿ ಮಾತಾಡೋಣ.

ಹಳೇಪುಟ
ಹೀಗೆ ಹೆದರಿಸಬೇಡಿ. ವಿಟಮಿನ್ ಎ ಇಲ್ಲದಿದ್ದರೆ ಕಣ್ಣೇ ಕಾಣುವುದಿಲ್ಲ, ಶಾಲೆಯಲ್ಲೇ ಓದಿದ್ದೇವೆ. ನನ್ನ ಚಿಕ್ಕಪ್ಪನಿಗೆ ಆರ್‌ಪಿ ಇದೆ. ಡಾಕ್ಟರೇ ದಿನಕ್ಕೆ 15,000 ಯೂನಿಟ್ ಬರೆದುಕೊಟ್ಟಿದ್ದರು. ವರ್ಷಗಟ್ಟಲೆ ತಗೊಂಡರು.

ಪೊರೆ
@ಹಳೇಪುಟ, ನೀವು ಹೇಳುತ್ತಿರುವ ಸಲಹೆ ಬಂದದ್ದು 1993ರ ಒಂದು ಅಧ್ಯಯನದಿಂದ, ಮತ್ತು ಅದು ಆರ್‌ಪಿ, ಅಂದರೆ ರೆಟಿನೈಟಿಸ್ ಪಿಗ್ಮೆಂಟೋಸಾ ಇದ್ದವರಿಗೆ. ಸ್ಟಾರ್ಗಾರ್ಡ್ ಬೇರೆ ಕಾಯಿಲೆ. ಒಂದಕ್ಕೆ ಬರೆದ ಮಾತ್ರೆ ಇನ್ನೊಂದಕ್ಕೆ ಹಾನಿ ಮಾಡಬಹುದು. ಯಾಕೆ ಅಂತ ಗೊತ್ತಾದರೆ ಅಕ್ಕನ ಮೊದಲ ಪ್ರಶ್ನೆಗೂ ಉತ್ತರ ಸಿಗುತ್ತದೆ. ನಾನು ಜೀವಕೋಶದ ಪೊರೆಗಳ ಬಗ್ಗೆ ಪಾಠ ಮಾಡುವವನು, ಸ್ವಲ್ಪ ಉದ್ದ ಬರೆಯುತ್ತೇನೆ.

ರೆಟಿನಾದಲ್ಲಿ ಬೆಳಕು ಹಿಡಿಯುವ ಕೋಶಗಳು ರಾಡ್ ಮತ್ತು ಕೋನ್. ರಾಡ್ ಕೋಶದ ತುದಿಯಲ್ಲಿ ಚಪ್ಪಟೆ ಚೀಲಗಳನ್ನು ಒಂದರ ಮೇಲೊಂದು ಪೇರಿಸಿಟ್ಟ ಹಾಗೆ ಸಾವಿರದಷ್ಟು ತಟ್ಟೆಗಳಿವೆ. ಕೋನ್‌ನಲ್ಲೂ ಇಂಥದೇ ಮಡಿಕೆಗಳು. ಅವುಗಳ ಗೋಡೆಯಲ್ಲಿ ಬೆಳಕು ಹಿಡಿಯುವ ಪ್ರೋಟೀನ್ ಕೂತಿರುತ್ತದೆ. ಅದರ ಹೊಟ್ಟೆಯೊಳಗೆ ರೆಟಿನಾಲ್ಡಿಹೈಡ್ ಎಂಬ ಪುಟ್ಟ ಅಣು. ವಿಟಮಿನ್ ಎ ಇಂದಲೇ ಆದದ್ದು. ಅದರ ಬಾಲ ಬಾಗಿರುತ್ತದೆ. ಬೆಳಕಿನ ಒಂದು ಕಣ ಬಿದ್ದರೆ ಸಾಕು, ಬಾಲ ನೆಟ್ಟಗಾಗುತ್ತದೆ. ನಾವು 'ನೋಡುವುದು' ಅನ್ನುವುದು ಶುರುವಾಗುವುದೇ ಅಲ್ಲಿಂದ.

ನೆಟ್ಟಗಾದ ಅಣು ಮತ್ತೆ ಬಾಗಬೇಕಲ್ವಾ? ಆ ಕೆಲಸ ಅಲ್ಲಿ ಆಗುವುದಿಲ್ಲ. ಹಿಂದಿರುವ ಆರ್‌ಪಿಇ ಎಂಬ ಪದರಕ್ಕೆ ಹೋಗಿ ಬಾಗಿಸಿಕೊಂಡು ಬರಬೇಕು. ಆದರೆ ಪ್ರೋಟೀನ್‌ನಿಂದ ಬಿಡುಗಡೆಯಾದ ಕೂಡಲೇ ಅದು ತಟ್ಟೆಯ ಪೊರೆಯಲ್ಲಿರುವ ಒಂದು ಕೊಬ್ಬಿನ ಅಣುವಿಗೆ ಅಂಟಿಕೊಳ್ಳುತ್ತದೆ. ಅಂಟಿಕೊಂಡದ್ದು ಎಷ್ಟೋ ಸಲ ತಟ್ಟೆಯ ಒಳಮುಖದಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ. ಅದನ್ನು ಎತ್ತಿ ಹೊರಮುಖಕ್ಕೆ ಮಗುಚಿ ಹಾಕುವುದು ಎಬಿಸಿಎ4. ತಟ್ಟೆಯ ಅಂಚಿನಲ್ಲೇ ಕೂತಿರುತ್ತದೆ, ಕೋಶದ ಇಂಧನವಾದ ಎಟಿಪಿ ಖರ್ಚು ಮಾಡಿ ಕೆಲಸ ಮಾಡುತ್ತದೆ.

ಇದು ಕೆಟ್ಟರೆ ಸಿಕ್ಕಿಬಿದ್ದ ಅಣುವಿಗೆ ಇನ್ನೊಂದು ರೆಟಿನಾಲ್ಡಿಹೈಡ್ ಬಂದು ಅಂಟುತ್ತದೆ. ಎರಡು ಅಂಟಿಕೊಂಡ ಮೇಲೆ ಬಿಡಿಸಲು ಸಾಧ್ಯವಿಲ್ಲ. ಈ ಕೋಶಗಳು ದಿನಾ ತುದಿಯ ಹತ್ತನೇ ಒಂದು ಭಾಗದಷ್ಟು ತಟ್ಟೆಗಳನ್ನು ಉದುರಿಸುತ್ತವೆ, ಆರ್‌ಪಿಇ ಕೋಶಗಳು ಅದನ್ನು ನುಂಗಿ ಅರಗಿಸುತ್ತವೆ. ಈ ಅಂಟು ಮಾತ್ರ ಅರಗುವುದಿಲ್ಲ. ಲಿಪೊಫಸ್ಕಿನ್ ಎಂಬ ಹಳದಿ ಕಸವಾಗಿ ಒಳಗೇ ಉಳಿಯುತ್ತದೆ. ಆರ್‌ಪಿಇ ಕೋಶ ಸತ್ತರೆ ಅದರ ಜಾಗಕ್ಕೆ ಹೊಸದು ಹುಟ್ಟುವುದಿಲ್ಲ. ಅದನ್ನು ನಂಬಿಕೊಂಡಿದ್ದ ರಾಡ್, ಕೋನ್‌ಗಳೂ ಹಿಂದೆಯೇ ಹೋಗುತ್ತವೆ.

ಈಗ ಮಾತ್ರೆಯ ವಿಷಯ. ಸಾಗಣೆ ಮೊದಲೇ ನಿಂತಿದೆ. ಅಲ್ಲಿಗೆ ಇನ್ನಷ್ಟು ಸರಕು ತಂದು ಸುರಿದರೆ? ಎಬಿಸಿಎ4 ಇಲ್ಲದ ಇಲಿಗಳಿಗೆ ಜಾಸ್ತಿ ವಿಟಮಿನ್ ಎ ಕೊಟ್ಟು ನೋಡಿದ್ದಾರೆ, ಕಸ ಹೆಚ್ಚಾಗಿದೆ.

ಅಕ್ಕ_ನಾನು
ಇದನ್ನು ಎರಡು ಸಲ ಓದಿದೆ. ಈಗಲೇ ಅಮ್ಮನ ಹತ್ತಿರ ಮಾತಾಡುತ್ತೇನೆ. ಪಾಪ, ಒಂದು ದಿನವೂ ತಪ್ಪಿಸದೆ ಕೊಟ್ಟಿದ್ದಾರೆ.

ಹಳೇಪುಟ
ಸರಿ, ಆರ್‌ಪಿಯೂ ಇದೂ ಒಂದೇ ಅಂದುಕೊಂಡು ಬರೆದೆ. ನನ್ನ ಸಲಹೆ ವಾಪಸ್ ತಗೊಳ್ಳುತ್ತೇನೆ. ಆದರೆ ಒಂದು ಪ್ರಶ್ನೆ ಇದೆ. ಹಾಗಾದರೆ ಕ್ಯಾರೆಟ್, ಸೊಪ್ಪು ಎಲ್ಲ ಬಿಡಬೇಕಾ?

ದೃಷ್ಟಿಚಾರ್ಟ್
ಬೇಡ. ಸಾಮಾನ್ಯ ಊಟದಲ್ಲಿ ಸಿಗುವಷ್ಟು ಬೇಕೇ ಬೇಕು. ತರಕಾರಿಯಲ್ಲಿರುವ ಬೀಟಾ ಕ್ಯಾರೊಟಿನ್ ಅನ್ನು ದೇಹ ತನಗೆ ಬೇಕಾದಷ್ಟೇ ವಿಟಮಿನ್ ಎ ಆಗಿ ಬದಲಾಯಿಸಿಕೊಳ್ಳುತ್ತದೆ. ಬಿಡಬೇಕಾದ್ದು ದೊಡ್ಡ ಡೋಸಿನ ಮಾತ್ರೆ, ಟಾನಿಕ್. 'ಕಣ್ಣಿನ ಆರೋಗ್ಯಕ್ಕೆ' ಅಂತ ಮಾರುವ ಮಲ್ಟಿವಿಟಮಿನ್ ಡಬ್ಬಿಯ ಹಿಂಬದಿಯನ್ನೂ ಓದಿ. ಅದರಲ್ಲಿ ರೆಟಿನೈಲ್ ಪಾಲ್ಮಿಟೇಟ್ ಅಂತ ಸಣ್ಣ ಅಕ್ಷರದಲ್ಲಿ ಇರಬಹುದು, ಅದೂ ವಿಟಮಿನ್ ಎ ತಾನೇ. ಹೊರಗೆ ಬಿಸಿಲಿಗೆ ಹೋಗುವಾಗ ಟೋಪಿ, ಯುವಿ ತಡೆಯುವ ತಂಪು ಕನ್ನಡಕ ಹಾಕಲಿ. ಮನೆಯಲ್ಲಿ ಯಾರೂ ಸಿಗರೇಟು ಸೇದಬಾರದು.

ನೀಲಿಶಾಯಿ
ಸರಳವಾಗಿ ಹೇಳಬೇಕು ಅಂದರೆ ಇದು ಕೋಶದ ಕಸ ಹೊರಗೆ ಎಸೆಯುವ ಪಂಪ್. ಪಂಪ್ ಕೆಟ್ಟಿದೆ, ಕಸ ತುಂಬಿದೆ. ಅಷ್ಟೇ ಅಲ್ವಾ?

ಪೊರೆ
ಎರಡು ಕಡೆ ತಪ್ಪಿದೆ. ಒಂದು, ಅದು ಕೋಶದ ಹೊರಗೆ ಎಸೆಯುವುದಿಲ್ಲ. ತಟ್ಟೆಯ ಒಳಮುಖದಿಂದ ಕೋಶರಸದ ಕಡೆಗೆ ತರುತ್ತದೆ. ಎಬಿಸಿಎ4 ಸೇರಿದ ಎಬಿಸಿ ಎಂಬ ಕುಟುಂಬದಲ್ಲಿ ನಮ್ಮ ದೇಹದ ಪ್ರೋಟೀನ್‌ಗಳು ನಲವತ್ತಕ್ಕೂ ಜಾಸ್ತಿ ಇವೆ, ಹೆಚ್ಚಿನವು ಕೋಶರಸದಿಂದ ಆಚೆ ಕಳಿಸುತ್ತವೆ. ಇದು ಉಲ್ಟಾ ದಿಕ್ಕಿನಲ್ಲಿ ತರುತ್ತದೆ ಎಂದು 2012ರಲ್ಲಿ ಪ್ರಯೋಗದಲ್ಲಿ ತೋರಿಸಿದರು. ಎರಡು, ಅದು ಸಾಗಿಸುವುದು ಕಸವನ್ನಲ್ಲ. ಮತ್ತೆ ಬಳಸಬೇಕಾದ ಸರಕನ್ನು. ಸಮಯಕ್ಕೆ ಸರಿಯಾಗಿ ಸಾಗಿಸದಿದ್ದರೆ ಮಾತ್ರ ಕಸವಾಗುತ್ತದೆ.

ನೀಲಿಶಾಯಿ
ದಿಕ್ಕು ಯಾವುದಾದರೇನು, ರೋಗಿಗೆ ಏನು ವ್ಯತ್ಯಾಸ?

ಪೊರೆ
ಬಹಳ ವ್ಯತ್ಯಾಸ ಇದೆ. 'ಕಸ ಎಸೆಯುವ ಪಂಪ್' ಅಂದುಕೊಂಡರೆ ಕಸ ಕರಗಿಸುವ ಔಷಧಿ ಹುಡುಕುತ್ತೀರಿ. 'ಸರಕು ಸಿಕ್ಕಿಬಿದ್ದಿದೆ' ಅಂತ ತಿಳಿದರೆ ಸರಕು ಬರುವುದನ್ನೇ ನಿಧಾನ ಮಾಡುವ ಯೋಚನೆ ಬರುತ್ತದೆ. ಈಗ ನಡೆಯುತ್ತಿರುವ ಸಂಶೋಧನೆಯಲ್ಲಿ ಒಂದು ದಾರಿ ಅದೇ. ರಕ್ತದಲ್ಲಿ ವಿಟಮಿನ್ ಎ ಹೊತ್ತು ತರುವ ಆರ್‌ಬಿಪಿ4 ಎಂಬ ಪ್ರೋಟೀನ್ ಇದೆ, ಅದೂ ಸಾಗಣೆದಾರನೇ. ಅದನ್ನು ಕಡಿಮೆ ಮಾಡಿ ಕಣ್ಣಿಗೆ ಸೇರುವ ಸರಕನ್ನು ತಗ್ಗಿಸುವ ಮಾತ್ರೆಯನ್ನು ಪರೀಕ್ಷಿಸಿದ್ದಾರೆ. ಇನ್ನೊಂದು ದಾರಿಯಲ್ಲಿ ವಿಟಮಿನ್ ಎ ಅಣುವಿನ ಕೆಲವು ಹೈಡ್ರೋಜನ್ ಜಾಗದಲ್ಲಿ ಡ್ಯೂಟೀರಿಯಂ, ಅಂದರೆ ಭಾರದ ಹೈಡ್ರೋಜನ್ ಕೂರಿಸುತ್ತಾರೆ. ಆಗ ಎರಡು ಅಣುಗಳು ಅಂಟಿಕೊಳ್ಳುವುದು ನಿಧಾನವಾಗುತ್ತದೆ, ನೋಡುವ ಕೆಲಸ ಎಂದಿನಂತೆ ನಡೆಯುತ್ತದೆ. ದಿಕ್ಕು, ಸರಕು, ಜಾಗ ಇಷ್ಟೂ ಗೊತ್ತಿಲ್ಲದೆ ಇಂಥ ಯೋಚನೆ ಹುಟ್ಟುವುದಿಲ್ಲ.

ನೀಲಿಶಾಯಿ
ಸರಿ, ಒಪ್ಪಿದೆ.

ಸುಮ್ನೆ_ಕೇಳ್ದೆ
ಇಲ್ಲಿ ಆರ್‌ಪಿ, ಆರ್‌ಪಿಇ ಅಂತಿದೆ, ಬೇರೆ ಕಡೆ ಆರ್‌ಪಿಇ65 ಅಂತ ಓದಿದ್ದೆ. ಮೂರೂ ಒಂದೇನಾ? ತಲೆ ತಿರುಗುತ್ತಿದೆ.

ದೃಷ್ಟಿಚಾರ್ಟ್
ಮೂರೂ ಬೇರೆ. ಆರ್‌ಪಿ ಒಂದು ಕಾಯಿಲೆ. ಆರ್‌ಪಿಇ ರೆಟಿನಾದ ಹಿಂದಿನ ಪದರ. ಆರ್‌ಪಿಇ65 ಆ ಪದರದಲ್ಲಿ ಕೆಲಸ ಮಾಡುವ ಒಂದು ಕಿಣ್ವ, ನೆಟ್ಟಗಾದ ಅಣುವನ್ನು ಮತ್ತೆ ಬಾಗಿಸುವುದು ಅದೇ. ರಿಪೋರ್ಟ್ ಓದುವಾಗ ಈ ಗೊಂದಲ ಎಲ್ಲರಿಗೂ ಆಗುತ್ತದೆ.

ಓರೆನೋಟ
ನನಗೆ ಸ್ಟಾರ್ಗಾರ್ಡ್ ಇದೆ. ಗೊತ್ತಾದಾಗ 14, ಈಗ 31. ಅಕ್ಕಾ, ನಿಮ್ಮ ತಮ್ಮ ಹೇಳಿದ 'ನಡುವಿನ ಅಕ್ಷರ ಕಾಣುವುದಿಲ್ಲ' ಅನ್ನುವ ಮಾತು ನನ್ನದೇ ಮಾತು ಅನಿಸಿತು. ಕಪ್ಪು ಚುಕ್ಕೆ ಕಾಣುತ್ತದಾ ಅಂತ ಎಲ್ಲರೂ ಕೇಳುತ್ತಾರೆ. ಕಪ್ಪು ಕಾಣುವುದಿಲ್ಲ. ಅಲ್ಲಿ ಏನೂ ಇಲ್ಲ, ಅಷ್ಟೇ. ಸುತ್ತಲಿನ ಬಣ್ಣವನ್ನೇ ಮೆದುಳು ಅಲ್ಲಿ ತುಂಬಿಬಿಡುತ್ತದೆ. ಅದಕ್ಕೇ ಮಕ್ಕಳಿಗೆ ತಮಗೇನೋ ಕಾಣುತ್ತಿಲ್ಲ ಅನ್ನುವುದೇ ತಡವಾಗಿ ತಿಳಿಯುತ್ತದೆ.

ನನಗೆ ಮೊದಲು ಹೋದದ್ದು ಒತ್ತಕ್ಷರ. 'ಕತ್ತೆ' ಅಂತ ಇದ್ದದ್ದನ್ನು 'ಕತೆ' ಅಂತ ಜೋರಾಗಿ ಓದಿದೆ, ಕ್ಲಾಸೆಲ್ಲ ನಕ್ಕಿತು. ಪ ಮತ್ತು ಷ ನಡುವೆ ಹೊಟ್ಟೆಯೊಳಗಿನ ಒಂದು ಗೀಟಿನ ವ್ಯತ್ಯಾಸ ಮಾತ್ರ ನೋಡಿ. ನಾನು ಆ ಗೀಟನ್ನು ನೋಡಲು ಹೋದರೆ ಗೀಟೇ ಮಾಯವಾಗುತ್ತಿತ್ತು. ಪಕ್ಕಕ್ಕೆ ಕಣ್ಣು ಹೊರಳಿಸಿದರೆ ಮತ್ತೆ ಬರುತ್ತಿತ್ತು. ಈಗ ಹಾಗೇ ಓದುವುದು ಅಭ್ಯಾಸ ಆಗಿದೆ. ಯಾರದಾದರೂ ಮುಖ ನೋಡಬೇಕಾದರೆ ಅವರ ಕಿವಿಯ ಮೇಲಕ್ಕೆ ನೋಡುತ್ತೇನೆ, ಆಗ ಮುಖ ಕಾಣುತ್ತದೆ. 'ಮಾತಾಡುವಾಗ ನಮ್ಮನ್ನು ನೋಡುವುದೇ ಇಲ್ಲ' ಎಂದು ಬೇಜಾರು ಮಾಡಿಕೊಂಡವರಿದ್ದಾರೆ. ನಿಮ್ಮ ತಮ್ಮ ಹಾಗೆ ಓರೆಯಾಗಿ ನೋಡಿದರೆ ತಿದ್ದಬೇಡಿ. ಅವನ ಕಣ್ಣು ತಾನೇ ದಾರಿ ಕಂಡುಕೊಳ್ಳುತ್ತಿದೆ.

ಅಕ್ಕ_ನಾನು
ಕಿವಿಯ ಮೇಲಕ್ಕೆ ನೋಡುವುದು... ಅವನು ಎರಡು ತಿಂಗಳಿಂದ ಹಾಗೇ ಮಾಡುತ್ತಿದ್ದಾನೆ. 'ಸರಿಯಾಗಿ ನೋಡಿ ಮಾತಾಡು' ಅಂತ ನಾನೇ ಬೈದಿದ್ದೇನೆ.

ಓರೆನೋಟ
ಗೊತ್ತಿರಲಿಲ್ಲ ಅಲ್ವಾ. ಇವತ್ತು ಅವನಿಗೆ ಹೇಳಿಬಿಡಿ, ಅಷ್ಟು ಸಾಕು.

ಸುಮ್ನೆ_ಕೇಳ್ದೆ
ನಡುಭಾಗವೇ ಯಾಕೆ ಅನ್ನುವುದಕ್ಕೆ ಯಾರೂ ಉತ್ತರ ಕೊಡಲಿಲ್ಲ.

ಪೊರೆ
ಹೌದು, ಬಿಟ್ಟುಹೋಯಿತು. ಎಬಿಸಿಎ4 ಎಲ್ಲ ರಾಡ್, ಕೋನ್‌ಗಳಲ್ಲೂ ಇದೆ. ಆದರೆ ಮ್ಯಾಕ್ಯುಲಾದಲ್ಲಿ, ಅಂದರೆ ರೆಟಿನಾದ ನಡುಭಾಗದಲ್ಲಿ, ಕೋನ್‌ಗಳು ಒತ್ತೊತ್ತಾಗಿ ಕೂತಿವೆ, ಲಿಪೊಫಸ್ಕಿನ್ ಕೂಡ ಕಣ್ಣಿನ ಹಿಂಬದಿಯ ನಡುಭಾಗದಲ್ಲೇ ಜಾಸ್ತಿ ಸೇರುತ್ತದೆ. ಎರಡೂ ಜೀನ್ ಪ್ರತಿಗಳು ಪೂರ್ತಿ ಕೆಟ್ಟಿದ್ದರೆ ಕಾಯಿಲೆ ಬೇಗ ಶುರುವಾಗಿ ಅಂಚಿನ ಕಡೆಗೂ ಹರಡುತ್ತದೆ. ಒಂದು ಪ್ರತಿಯಾದರೂ ಸ್ವಲ್ಪ ಕೆಲಸ ಮಾಡುತ್ತಿದ್ದರೆ ನಿಧಾನ. ಮೈಯ ಬೇರೆ ಭಾಗ ಚೆನ್ನಾಗಿರುವುದು ಯಾಕೆ ಅಂದರೆ, ಬೆಳಕು ಬಿದ್ದಾಗ ಬಾಲ ನೆಟ್ಟಗಾಗುವ ಆ ಅಣುವಿನ ಸುತ್ತಾಟ ಕಣ್ಣಿನಲ್ಲಿ ಮಾತ್ರ ಇಷ್ಟು ರಭಸದಲ್ಲಿ ನಡೆಯುತ್ತದೆ.

ಮುಸ್ಸಂಜೆ
ನನ್ನದು ಇದರ ತದ್ವಿರುದ್ಧ. ನಡುಭಾಗ ಚೆನ್ನಾಗಿದೆ, ಸುತ್ತಲಿನದು ಹೋಗುತ್ತಿದೆ. ಕಾಯಿಲೆಯ ಹೆಸರು ಕೋರಾಯ್ಡೆರೀಮಿಯಾ. ಸಣ್ಣವನಿದ್ದಾಗ ಸಂಜೆ ಆದಮೇಲೆ ಆಟಕ್ಕೆ ಹೋಗುತ್ತಿರಲಿಲ್ಲ, ಚೆಂಡು ಕಾಣುತ್ತಿರಲಿಲ್ಲ. ಈಗ ಕೊಳವೆಯೊಳಗಿಂದ ನೋಡಿದ ಹಾಗೆ. ನನ್ನದೂ ಸಾಗಣೆಯ ತೊಂದರೆಯೇ ಅಂತ ಡಾಕ್ಟರು ಹೇಳಿದ್ದರು. ಆರ್‌ಇಪಿ1 ಅಂತೆ. @ಪೊರೆ, ಇದೂ ಅದೇ ಕುಟುಂಬದ್ದಾ?

ಪೊರೆ
ಅಲ್ಲ, ಬೇರೆ ಥರ. ಕೋಶದೊಳಗೆ ಪುಟ್ಟ ಚೀಲಗಳು ಎಲ್ಲಿಗೆ ಹೋಗಬೇಕು ಎಂದು ಗುರುತು ಹಚ್ಚುವ ಪ್ರೋಟೀನ್‌ಗಳಿವೆ, ಅವಕ್ಕೆ ರ‍್ಯಾಬ್ ಎಂದು ಹೆಸರು. ರ‍್ಯಾಬ್‌ಗೆ ಒಂದು ಕೊಬ್ಬಿನ ಬಾಲ ಹಚ್ಚಿದರೆ ಮಾತ್ರ ಅದು ಪೊರೆಗೆ ಅಂಟಿ ನಿಲ್ಲುತ್ತದೆ. ಅದನ್ನು ಕೈಹಿಡಿದು ಕರೆದುಕೊಂಡು ಹೋಗಿ, ಬಾಲ ಹಚ್ಚಿಸಿ, ಪೊರೆಗೆ ಮುಟ್ಟಿಸುವುದು ಆರ್‌ಇಪಿ1. ನಿಮ್ಮಲ್ಲಿ ಅದಿಲ್ಲ. ಮೈಯ ಬೇರೆ ಕೋಶಗಳಲ್ಲಿ ಆರ್‌ಇಪಿ2 ಆ ಕೆಲಸ ತಕ್ಕಮಟ್ಟಿಗೆ ನೋಡಿಕೊಳ್ಳುತ್ತದೆ. ಕಣ್ಣಿನ ಹಿಂಪದರಗಳಿಗೆ ಅಷ್ಟು ಸಾಲದು.

ನೀಲಿಶಾಯಿ
ಇದನ್ನು ಸಾಗಣೆ ಪ್ರೋಟೀನ್ ಅನ್ನುವುದು ಸರಿಯಲ್ಲ. ಸಾಗಣೆ ಪ್ರೋಟೀನ್ ಅಂದರೆ ಪೊರೆಯಲ್ಲಿ ಕೂತು ಈ ಕಡೆಯಿಂದ ಆ ಕಡೆಗೆ ದಾಟಿಸುವುದು. ಪುಸ್ತಕದಲ್ಲಿ ಹಾಗೇ ಇದೆ.

ಪೊರೆ
ಪುಸ್ತಕದ ವ್ಯಾಖ್ಯೆ ನೀವು ಹೇಳಿದ್ದೇ. ಆದರೆ ಕಣ್ಣಿನ ಕಾಯಿಲೆ ಅರ್ಥ ಆಗಬೇಕಾದರೆ ಅಷ್ಟಕ್ಕೇ ನಿಲ್ಲಿಸಿದರೆ ನಷ್ಟ. ಎಂವೈಒ7ಎ ತಗೊಳ್ಳಿ. ಅದು ಕೋಶದೊಳಗಿನ ಆಕ್ಟಿನ್ ಎಂಬ ಎಳೆಯ ಮೇಲೆ ನಡೆಯುವ ಮೋಟಾರ್ ಪ್ರೋಟೀನ್. ಅದು ಕೆಟ್ಟರೆ ಅಷರ್ ಸಿಂಡ್ರೋಮ್‌ನ 1ಬಿ ಬಗೆ ಬರುತ್ತದೆ. ಮಗು ಹುಟ್ಟುವಾಗಲೇ ಕಿವಿ ಕೇಳಿಸುವುದಿಲ್ಲ, ಆಮೇಲೆ ಇರುಳುಗುರುಡು ಶುರುವಾಗುತ್ತದೆ. ಸಿಇಪಿ290 ನೋಡಿ. ರಾಡ್ ಕೋಶದ ಕೆಳಭಾಗದಲ್ಲಿ ತಯಾರಾದದ್ದೆಲ್ಲ ಒಂದು ಮೈಕ್ರಾನ್‌ಗಿಂತ ಸಪೂರ ಇರುವ ಸಿಲಿಯಮ್ ಎಂಬ ಕತ್ತಿನ ಮೂಲಕವೇ ಮೇಲಿನ ತಟ್ಟೆಗಳಿಗೆ ಹೋಗಬೇಕು. ಆ ಕತ್ತಿನಲ್ಲಿ ಏನು ಹೋಗಬಹುದು, ಏನು ಹೋಗಬಾರದು ಅಂತ ಕಾಯುವುದರಲ್ಲಿ ಸಿಇಪಿ290 ಪಾಲಿದೆ. ಅದು ಕೆಟ್ಟರೆ ಎಷ್ಟೋ ಸಲ ಹುಟ್ಟಿದ ಮಗುವಿಗೇ ದೃಷ್ಟಿ ತೀರಾ ಕಡಿಮೆ ಇರುತ್ತದೆ. ಹತ್ತು ದಿನಕ್ಕೊಮ್ಮೆ ತನ್ನ ತುದಿಯನ್ನೇ ಪೂರ್ತಿ ಹೊಸದು ಮಾಡಿಕೊಳ್ಳುವ ಕೋಶ ಇದು. ಸಾಗಣೆಯಲ್ಲಿ ಎಲ್ಲಿ ಸ್ವಲ್ಪ ತಡೆ ಬಂದರೂ ಮೊದಲು ಏಟು ತಿನ್ನುವುದು ಇದೇ.

ನೀಲಿಶಾಯಿ
ವ್ಯಾಖ್ಯೆಯ ಮಟ್ಟಿಗೆ ನನ್ನ ಮಾತು ನನಗೆ ಸರಿಯೇ. ಆದರೆ ಹತ್ತು ದಿನದ ವಿಷಯ ಗೊತ್ತಿರಲಿಲ್ಲ.

ಹಳೇಪುಟ
ಜೀನ್ ಥೆರಪಿ ಅಂತ ಒಂದೇ ಇಂಜೆಕ್ಷನ್‌ನಲ್ಲಿ ಸರಿ ಮಾಡುತ್ತಾರಂತಲ್ಲ. ಅದನ್ನು ಯಾಕೆ ಯಾರೂ ಹೇಳುತ್ತಿಲ್ಲ?

ಮುಸ್ಸಂಜೆ
ಹೇಳುತ್ತೇನೆ, ನಾನು ಅದರ ಹಿಂದೆ ಬಿದ್ದವನು. ಮೇಲೆ ಹೇಳಿದ ಆರ್‌ಪಿಇ65 ಕೆಟ್ಟವರಿಗೆ ಲಕ್ಸ್‌ಟರ್ನಾ ಎಂಬ ಜೀನ್ ಚಿಕಿತ್ಸೆಗೆ 2017ರ ಡಿಸೆಂಬರ್‌ನಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಅದು ನಿಜ. ನನ್ನ ಕಾಯಿಲೆಗೆ 2011ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ಪ್ರಯೋಗ ಶುರುವಾಯಿತು. ಹತ್ತು ವರ್ಷ ಪ್ರತಿ ಸುದ್ದಿಯನ್ನೂ ಓದಿದೆ. 2021ರಲ್ಲಿ ಮೂರನೇ ಹಂತದ ಫಲಿತಾಂಶ ಬಂತು, ಇಟ್ಟುಕೊಂಡಿದ್ದ ಗುರಿ ಮುಟ್ಟಲಿಲ್ಲ. ಆ ದಿನ ನಾನು ಯಾರ ಹತ್ತಿರವೂ ಮಾತಾಡಲಿಲ್ಲ.

ಅಕ್ಕಾ, ಆಸೆ ಇರಲಿ. ಆದರೆ ತಮ್ಮನ ಓದು, ಕೆಲಸ, ಯಾವುದನ್ನೂ 'ಚಿಕಿತ್ಸೆ ಬಂದಮೇಲೆ' ಅಂತ ಮುಂದಕ್ಕೆ ಹಾಕಬೇಡಿ. ನಾನು ಹಾಗೆ ಮಾಡಿ ವರ್ಷಗಳನ್ನು ಕಳೆದುಕೊಂಡೆ.

ಪೊರೆ
ಎಬಿಸಿಎ4ಗೆ ಇನ್ನೊಂದು ತೊಡಕಿದೆ. ಜೀನ್ ಹೊತ್ತು ತರಲು ಬಳಸುವ ಎಎವಿ ವೈರಸ್‌ನಲ್ಲಿ 4,700 ಡಿಎನ್‌ಎ ಅಕ್ಷರಗಳಷ್ಟು ಮಾತ್ರ ಹಿಡಿಸುತ್ತದೆ. ಎಬಿಸಿಎ4 ಪ್ರೋಟೀನ್ ಬರೆಯಲು 6,800ರಷ್ಟು ಅಕ್ಷರ ಬೇಕು. ಆರ್‌ಪಿಇ65ಗೆ 1,600 ಸಾಕು, ಸಲೀಸಾಗಿ ಹಿಡಿಸಿತು. ಅದಕ್ಕೇ ಎಬಿಸಿಎ4 ಜೀನನ್ನು ಎರಡು ತುಂಡು ಮಾಡಿ ಎರಡು ವೈರಸ್‌ಗಳಲ್ಲಿ ಕಳಿಸಿ, ಕೋಶದೊಳಗೆ ಜೋಡಿಸುವ ದಾರಿಯಲ್ಲಿ ಕೆಲಸ ನಡೆಯುತ್ತಿದೆ.

ಸುಮ್ನೆ_ಕೇಳ್ದೆ
ಸ್ಟೆಮ್ ಸೆಲ್ ಹಾಕಿಸಿಕೊಂಡರೆ ಕಣ್ಣು ಬರುತ್ತದೆ ಅಂತ ಒಂದು ಜಾಹೀರಾತು ನೋಡಿದೆ.

ದೃಷ್ಟಿಚಾರ್ಟ್
ದಯವಿಟ್ಟು ಆ ಕಡೆ ಹೋಗಬೇಡಿ. ಹಣ ಕಟ್ಟಿಸಿಕೊಂಡು ಹೊಟ್ಟೆಯ ಕೊಬ್ಬಿನಿಂದ ತೆಗೆದ ಕೋಶಗಳನ್ನು ಕಣ್ಣಿಗೆ ಚುಚ್ಚಿ ಮೂವರು ಹೆಂಗಸರ ದೃಷ್ಟಿ ಹಾಳಾದದ್ದು 2017ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲೇ ವರದಿಯಾಗಿದೆ. ಅವರಿಗಿದ್ದದ್ದು ವಯಸ್ಸಾದ ಮೇಲೆ ಬರುವ ಮ್ಯಾಕ್ಯುಲಾ ಕಾಯಿಲೆ. ಎರಡೂ ಕಣ್ಣಿಗೆ ಒಂದೇ ದಿನ ಚುಚ್ಚಿದ್ದರು. ಸರಿಯಾದ ಪ್ರಯೋಗದಲ್ಲಿ ಯಾರೂ ಹಾಗೆ ಮಾಡುವುದಿಲ್ಲ, ಸೇರುವವರಿಂದ ಚಿಕಿತ್ಸೆಗೆ ಹಣ ಕೇಳುವುದೂ ಇಲ್ಲ.

ನೀಲಿಶಾಯಿ
ಅಪ್ಪ ಅಮ್ಮನ ಪ್ರಶ್ನೆ ಉಳಿದಿದೆ. ಇಬ್ಬರಲ್ಲೂ ಕೆಟ್ಟ ಪ್ರತಿ ಒಂದೊಂದು ಇರಬೇಕು, ಜೊತೆಗೆ ಒಳ್ಳೆಯದೂ ಒಂದು. ಅದಕ್ಕೇ ಅವರಿಗೆ ಏನೂ ಆಗಿಲ್ಲ. ತಮ್ಮನಿಗೆ ಎರಡೂ ಕೆಟ್ಟವು ಸಿಕ್ಕಿವೆ. ಅಕ್ಕಾ, ನೀವೂ ಒಂದು ಕೆಟ್ಟ ಪ್ರತಿ ಹೊತ್ತಿರುವ ಸಾಧ್ಯತೆ ಅರ್ಧಕ್ಕರ್ಧ.

ಪೊರೆ
ಅರ್ಧ ಅಲ್ಲ, ಮೂರರಲ್ಲಿ ಎರಡು.

ನೀಲಿಶಾಯಿ
ಹೇಗೆ? ನಾಲ್ಕು ಮಕ್ಕಳಲ್ಲಿ ಒಬ್ಬರಿಗೆ ಕಾಯಿಲೆ, ಇಬ್ಬರು ವಾಹಕರು, ಒಬ್ಬರಿಗೆ ಏನೂ ಇಲ್ಲ. ನಾಲ್ಕರಲ್ಲಿ ಎರಡು ಅಂದರೆ ಅರ್ಧ.

ಪೊರೆ
ಹುಟ್ಟುವ ಮೊದಲು ಅರ್ಧ. ಆದರೆ ಅಕ್ಕನಿಗೆ ಕಾಯಿಲೆ ಇಲ್ಲ ಅಂತ ನಮಗೆ ಗೊತ್ತಿದೆ. ನಾಲ್ಕರಲ್ಲಿ ಆ ಒಂದನ್ನು ತೆಗೆದುಬಿಡಿ. ಉಳಿದದ್ದು ಮೂರು, ಅದರಲ್ಲಿ ಎರಡು ವಾಹಕ.

ನೀಲಿಶಾಯಿ
ಹೌದಲ್ಲ. ತಪ್ಪು ನನ್ನದೇ.

ದೃಷ್ಟಿಚಾರ್ಟ್
ಈ ಲೆಕ್ಕಕ್ಕಿಂತ ಮೊದಲು ಒಂದು ಕೆಲಸ ಇದೆ. ರಿಪೋರ್ಟಿನಲ್ಲಿ ಎರಡು ವೇರಿಯಂಟ್ ಎಂದಿದ್ದರೆ ಸಾಲದು. ಎರಡೂ ಒಂದೇ ಪ್ರತಿಯಲ್ಲಿ ಇರಬಹುದು, ಆಗ ಇನ್ನೊಂದು ಪ್ರತಿ ಚೆನ್ನಾಗಿದೆ ಎಂದಾಗುತ್ತದೆ. ಅಪ್ಪನಿಂದ ಒಂದು, ಅಮ್ಮನಿಂದ ಒಂದು ಬಂದಿದೆ ಅಂತ ಖಚಿತ ಆಗಬೇಕಾದರೆ ಇಬ್ಬರ ರಕ್ತವನ್ನೂ ಪರೀಕ್ಷಿಸಬೇಕು. ಅಕ್ಕ, ನಿಮ್ಮ ಕಣ್ಣನ್ನೂ ಒಮ್ಮೆ ತೋರಿಸಿ. ಎಷ್ಟೋ ಜನರಲ್ಲಿ ಇದು ದೊಡ್ಡವರಾದ ಮೇಲೆ ಕಾಣಿಸಿಕೊಳ್ಳುತ್ತದೆ. ಆಟೋಫ್ಲೋರೆಸೆನ್ಸ್ ಎಂಬ ಫೋಟೋ ತೆಗೆಯುತ್ತಾರೆ. ಲಿಪೊಫಸ್ಕಿನ್ ತಾನೇ ಹೊಳೆಯುತ್ತದೆ, ಸತ್ತ ಜಾಗ ಕಪ್ಪಗೆ ಬರುತ್ತದೆ.

ಹಳೇಪುಟ
ಸಾಗಣೆಯ ಕಾಯಿಲೆಗಳಲ್ಲಿ ಔಷಧಿ ಇರುವುದು ಒಂದೂ ಇಲ್ಲವಾ? ಓದಿ ಮನಸ್ಸು ಭಾರವಾಯಿತು.

ಪೊರೆ
ಇದೆ. ಸಿಸ್ಟಿನೋಸಿಸ್. ಕೋಶದೊಳಗಿನ ಲೈಸೋಸೋಮ್ ಎಂಬ ಚೀಲದಿಂದ ಸಿಸ್ಟಿನ್ ಎಂಬ ಅಮೈನೋ ಆಮ್ಲ ಹೊರಗೆ ಬರಲು ಒಂದೇ ಬಾಗಿಲು, ಸಿಸ್ಟಿನೋಸಿನ್ ಪ್ರೋಟೀನ್. ಅದು ಕೆಟ್ಟರೆ ಸಿಸ್ಟಿನ್ ಹರಳುಗಟ್ಟುತ್ತದೆ. ಮೂತ್ರಪಿಂಡ ಹಾಳಾಗುತ್ತದೆ, ಕಣ್ಣಿನ ಕಾರ್ನಿಯಾದಲ್ಲಿ ಹರಳು ಮಿನುಗುತ್ತವೆ, ಬೆಳಕು ಕಂಡರೆ ಮಗು ಕಣ್ಣು ಬಿಡುವುದಿಲ್ಲ. ಸಿಸ್ಟಿಯಮೀನ್ ಎಂಬ ಔಷಧಿ ಆ ಬಾಗಿಲನ್ನು ರಿಪೇರಿ ಮಾಡುವುದಿಲ್ಲ. ಸಿಸ್ಟಿನ್ ಜೊತೆ ಸೇರಿ ಅದನ್ನು ಬೇರೆ ಅಣುವಾಗಿ ಬದಲಿಸುತ್ತದೆ, ಆ ಅಣು ಪಕ್ಕದ ಇನ್ನೊಂದು ಬಾಗಿಲಿನಿಂದ ಹೊರಬರುತ್ತದೆ. ನುಂಗುವ ಔಷಧಿ ಕಾರ್ನಿಯಾವನ್ನು ತಲುಪುವುದಿಲ್ಲ, ಅದಕ್ಕೆ ಅದರದೇ ಕಣ್ಣಿನ ಹನಿ ಬೇಕು, ದಿನಕ್ಕೆ ಹಲವು ಸಲ. ನಾನು ಪ್ರತಿ ವರ್ಷ ಈ ಪಾಠ ಮಾಡುತ್ತೇನೆ, ಪ್ರತಿ ಸಲವೂ ಖುಷಿಯಾಗುತ್ತದೆ.

ಅಕ್ಕ_ನಾನು
ಮೂರು ದಿನದ ನಂತರ ಬರೆಯುತ್ತಿದ್ದೇನೆ. ಡಾಕ್ಟರಿಗೆ ಫೋನ್ ಮಾಡಿದೆ, ಮಾತ್ರೆ ನಿಲ್ಲಿಸಿ ಅಂತ ಅವರೂ ಹೇಳಿದರು. ಅಮ್ಮ ಅತ್ತರು. 'ನಾನೇ ಹಾಳು ಮಾಡಿದೆನಾ' ಅಂತ ಕೇಳಿದರು. ಕಾಯಿಲೆ ಶುರುವಾದದ್ದು ಮಾತ್ರೆಯಿಂದ ಅಲ್ಲ, ಅದಕ್ಕೂ ಮೊದಲೇ ಇತ್ತು ಎಂದು ಡಾಕ್ಟರು ಅವರಿಗೇ ಫೋನಿನಲ್ಲಿ ಹೇಳಿದ ಮೇಲೆ ಸಮಾಧಾನ ಆಯಿತು. ಅಪ್ಪ ಅಮ್ಮ ಇಬ್ಬರೂ ರಕ್ತ ಕೊಟ್ಟಿದ್ದಾರೆ. ನನ್ನ ಕಣ್ಣಿನ ಫೋಟೋ ಮುಂದಿನ ವಾರ. ಓರೆನೋಟ ಅವರು ಬರೆದದ್ದನ್ನು ತಮ್ಮನಿಗೆ ಓದಿ ಹೇಳಿದೆ. 'ಕತ್ತೆ' ವಿಷಯ ಎರಡು ಸಲ ಓದಿಸಿಕೊಂಡ. ಆಮೇಲೆ ಅವನು ನಿಮಗೆ ಒಂದು ಪ್ರಶ್ನೆ ಕೇಳಲು ಹೇಳಿದ. ನೀವು ಕಂಪ್ಯೂಟರ್‌ನಲ್ಲಿ ಹೇಗೆ ಓದುತ್ತೀರಿ?

ಓರೆನೋಟ
ಅವನಿಗೆ ಹೇಳಿ: ಕಪ್ಪು ಹಿನ್ನೆಲೆ, ಬಿಳಿ ಅಕ್ಷರ. ಸಾಲುಗಳ ನಡುವೆ ಜಾಗ ಜಾಸ್ತಿ ಇರಲಿ, ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿಗೆ ತಾಗಿ ಗೊಂದಲ ಆಗುತ್ತದೆ. ಕನ್ನಡಕ್ಕೆ ದಪ್ಪ ಅಕ್ಷರ ಬೇಡ, ಷ ಒಳಗಿನ ಗೀಟು ಮುಚ್ಚಿಹೋಗುತ್ತದೆ. ತೆಳು ಅಕ್ಷರವನ್ನೇ ದೊಡ್ಡದು ಮಾಡಿಕೊಳ್ಳಲಿ. ಉದ್ದದ ಪಾಠಗಳನ್ನು ಸ್ಕ್ರೀನ್ ರೀಡರ್‌ನಲ್ಲಿ ಕೇಳುವುದನ್ನು ಈಗಲೇ ಕಲಿಯಲಿ, ಕಣ್ಣು ಇನ್ನೂ ಸಹಾಯ ಮಾಡುತ್ತಿರುವಾಗ ಬೇಗ ಬರುತ್ತದೆ. ಪರೀಕ್ಷೆಗೆ ಹೆಚ್ಚಿನ ಸಮಯ ಕೇಳಲು ಡಾಕ್ಟರ ಪತ್ರ ಬೇಕಾಗುತ್ತದೆ, ಮುಂದಿನ ವಾರ ಹೋದಾಗಲೇ ಬರೆಸಿಕೊಳ್ಳಿ. ಮತ್ತೆ ಏನಾದರೂ ಕೇಳುವುದಿದ್ದರೆ ಅವನೇ ಇಲ್ಲಿ ಬರೆಯಲಿ.